ತಿಂಗಳ ಖರ್ಚು ಬಿಗಿ ಹಿಡಿದದ್ದು ಸಾಕು, ವರ್ಷದ ಖರ್ಚು ಬರೆದಿದ್ದೀರಾ?

ಹೊಲಿಗೆಮನೆ, ತುಮಕೂರು

ಎಲ್ಲರಿಗೂ ನಮಸ್ಕಾರ. ಮನೆ ಖರ್ಚು ಕಡಿಮೆ ಮಾಡುವುದು ಹೇಗೆ ಅಂತ ಯಾರನ್ನು ಕೇಳಿದರೂ ಅದೇ ಮಾತು. ತರಕಾರಿ ಸಂಜೆ ತನ್ನಿ, ಹೋಟೆಲ್ ಬಿಡಿ, ಲೈಟ್ ಆರಿಸಿ. ಅದೆಲ್ಲ ನಮ್ಮ ಮನೆಯಲ್ಲೂ ಮಾಡುತ್ತೇವೆ. ಆದರೆ ನಮ್ಮಂಥ ಮನೆಗಳು ಸಾಲಕ್ಕೆ ಬೀಳುವುದು ಟೊಮೆಟೊಗೆ ಎರಡು ರೂಪಾಯಿ ಜಾಸ್ತಿ ಕೊಟ್ಟಿದ್ದಕ್ಕಲ್ಲ. ಜೂನ್ ಬಂದರೆ ಸ್ಕೂಲ್ ಫೀಸು, ಆಮೇಲೆ ಗೌರಿ-ಗಣೇಶ, ನಡುವೆ ಒಂದೆರಡು ಮದುವೆ, ಗಾಡಿ ಇನ್ಶೂರೆನ್ಸು. ಇವೆಲ್ಲ ಬರುತ್ತವೆ ಅಂತ ಗೊತ್ತು, ಯಾವಾಗ ಬರುತ್ತವೆ ಅಂತಲೂ ಗೊತ್ತು. ಆದರೂ ಬಂದ ದಿನ ಕೈಸಾಲಕ್ಕೆ ಓಡುತ್ತೇವೆ.

ನಮ್ಮ ಮನೆಯ ಲೆಕ್ಕ ಬಿಚ್ಚಿ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು. ಯಜಮಾನರು ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿದ್ದಾರೆ. ಕೈಗೆ 34,000 ಬರುತ್ತದೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮದುವೆ ಸೀಸನ್ ಬಿಟ್ಟು ಲೆಕ್ಕ ಹಾಕಿದರೆ ತಿಂಗಳಿಗೆ 4,000 ಅಂತ ಹಿಡಿಯಬಹುದು. ಮಗಳು ಐದನೇ ಕ್ಲಾಸು, ಮಗ ಒಂದನೇ ಕ್ಲಾಸು, ಜೊತೆಗೆ ಅತ್ತೆ.

ಒಂದು ಭಾನುವಾರ ಮೂವರೂ ಕೂತು, ತಿಂಗಳು ತಿಂಗಳು ಬಾರದ ಖರ್ಚುಗಳನ್ನು ಮಾತ್ರ ಬರೆದೆವು. ಇಬ್ಬರ ಫೀಸು 48,000. ಪುಸ್ತಕ, ಯೂನಿಫಾರ್ಮು, ಶೂ 9,000. ಯುಗಾದಿಯಿಂದ ದೀಪಾವಳಿವರೆಗೆ ಹಬ್ಬ, ಬಟ್ಟೆ 12,000. ಗಾಡಿ ಇನ್ಶೂರೆನ್ಸು, ಸರ್ವಿಸು 5,000. ಮದುವೆ ಮುಯ್ಯಿ, ಊರ ಜಾತ್ರೆ 10,000. ಜೀವವಿಮೆ ಕಂತು 14,000. ಆಸ್ಪತ್ರೆಗೆ ಅಂತ 10,000. ಕೂಡಿದರೆ 1,08,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 9,000. ಅಂದರೆ ನಮಗೆ ಬರುತ್ತಿದ್ದದ್ದು 38,000 ಅಲ್ಲ, 29,000!

ಈಗ ಸಂಬಳ ಬಂದ ದಿನವೇ ಆ 9,000 ಬೇರೆ ಬ್ಯಾಂಕ್ ಖಾತೆಗೆ ಹೋಗುತ್ತದೆ. ಆ ಖಾತೆಗೆ ಫೋನ್‌ಪೇ ಜೋಡಿಸಿಲ್ಲ, ಎಟಿಎಂ ಕಾರ್ಡು ಬೀರುವಿನಲ್ಲಿದೆ. ಉಳಿದ 29,000ದಲ್ಲಿ ಬಾಡಿಗೆ 9,000, ದಿನಸಿ 6,500, ಹಾಲು 1,500, ತರಕಾರಿ-ಹಣ್ಣು-ಮೊಟ್ಟೆ 3,000, ಗ್ಯಾಸು 900, ಫೋನು-ಇಂಟರ್ನೆಟ್ಟು 900, ಪೆಟ್ರೋಲು 2,000, ಅತ್ತೆಯ ಮಾತ್ರೆ 1,200. ಉಳಿಯುವುದು 4,000. ಅದರಲ್ಲಿ ಅರ್ಧ ಆರ್‌ಡಿಗೆ (ತಿಂಗಳು ತಿಂಗಳು ಕಟ್ಟುವ ಠೇವಣಿ), ಅರ್ಧ ಚಿಲ್ಲರೆ ಖರ್ಚಿಗೆ. ಕರೆಂಟಿಗೆ ಗೃಹಜ್ಯೋತಿ ಇದೆ. ಗೃಹಲಕ್ಷ್ಮಿಯ 2,000 ಈ ಲೆಕ್ಕದಲ್ಲಿ ಇಲ್ಲ. ಯಾವ ತಾರೀಖಿಗೆ ಬರುತ್ತದೆ ಅಂತ ಮೊದಲೇ ಹೇಳಲು ಆಗುವುದಿಲ್ಲ. ಬಂದಾಗ ಮಗಳ ಸುಕನ್ಯಾ ಖಾತೆಗೆ (ಹೆಣ್ಣುಮಕ್ಕಳ ಹೆಸರಿನ ಸರ್ಕಾರಿ ಉಳಿತಾಯ) ಹಾಕುತ್ತೇನೆ.

ಖಾತೆ ಒಂದೇ ಆದರೂ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಏಳು ಕಾಲಂ ಇವೆ. ಫೀಸಿಗೆ ತಿಂಗಳಿಗೆ 4,000 ಏರುತ್ತದೆ, ಹಬ್ಬಕ್ಕೆ 1,000, ಹೀಗೆ. ಮುಯ್ಯಿ ಕಾಲಂ ಅತ್ತೆಯದು. ನಮ್ಮ ಮದುವೆಯ ಮುಯ್ಯಿ ಪುಸ್ತಕ ಇನ್ನೂ ಅವರ ಟ್ರಂಕಿನಲ್ಲಿದೆ. ಯಾರ ಮನೆ ಲಗ್ನಪತ್ರಿಕೆ ಬಂದರೂ ಅದನ್ನು ತೆಗೆದು, ಅವರು ಎಷ್ಟು ಹಾಕಿದ್ದರು, ಪಾತ್ರೆ ಕೊಟ್ಟಿದ್ದರಾ, ಸೀರೆ ಉಡಿಸಿದ್ದರಾ ಅಂತ ನೋಡಿ ಹೇಳುತ್ತಾರೆ. ಕೊಟ್ಟ ಮೇಲೆ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಗೀಟು ಹಾಕುತ್ತಾರೆ. ನಾಚಿಕೆಗೆ ಬಿದ್ದು ಜಾಸ್ತಿ ಕೊಡುವುದು ಇದರಿಂದಲೇ ನಿಂತಿದೆ.

ನನ್ನ ಪ್ರಶ್ನೆ ಎರಡು. ಈ ವರ್ಷದ ಖರ್ಚಿನ ದುಡ್ಡು ಎಲ್ಲಿ ಇಡುವುದು ಒಳ್ಳೆಯದು? ಪಕ್ಕದ ಬೀದಿಯ ಒಬ್ಬರು ಚೀಟಿಗೆ ಸೇರಿ ಅಂತ ಕರೆಯುತ್ತಿದ್ದಾರೆ, ಸೇರಬಹುದಾ? ಎರಡನೆಯದು, ನಿಮ್ಮ ಮನೆಗಳಲ್ಲಿ ಇದನ್ನು ಹೇಗೆ ನಿಭಾಯಿಸುತ್ತೀರಿ?

ಪೀಣ್ಯ ಎರಡನೇ ಹಂತ

ಅಕ್ಕ, ಓದಿ ಖುಷಿ ಆಯ್ತು. ಆದರೆ ನಮ್ಮ ಪರಿಸ್ಥಿತಿ ಬೇರೆ. ನನಗೆ 19,500, ಹೆಂಡತಿ ಗಾರ್ಮೆಂಟ್ಸ್‌ನಲ್ಲಿ, ಅವಳಿಗೆ 12,500. ಬಾಡಿಗೆ 8,500. ಕುಣಿಗಲ್ ಹತ್ತಿರ ಊರಲ್ಲಿ ಅಪ್ಪ-ಅಮ್ಮ ಇದ್ದಾರೆ, ಅವರಿಗೆ 4,000 ಕಳಿಸಲೇಬೇಕು. ಮಗಳ ಫೀಸು ಕಟ್ಟುವಾಗ ಕ್ರೆಡಿಟ್ ಕಾರ್ಡ್ ಉಜ್ಜಿದ್ದು 40,000 ಬಾಕಿ ನಿಂತಿದೆ. ತಿಂಗಳಿಗೆ ಮಿನಿಮಮ್ ಅಂತ 2,000 ಕಟ್ಟುತ್ತಲೇ ಇದ್ದೇನೆ, ಬಾಕಿ ಇಳಿಯುವುದೇ ಇಲ್ಲ. ಎತ್ತಿಡಲು ದುಡ್ಡು ಎಲ್ಲಿದೆ ಅಕ್ಕ?

ಇನ್ನೊಂದು ವಿಷಯ ನನಗೆ ಅರ್ಥವೇ ಆಗಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಹೆಂಡತಿಗೆ ಬಸ್ ಫ್ರೀ. ಅದಕ್ಕೆ ಮುಂಚೆ ಬಿಎಂಟಿಸಿ ಪಾಸಿಗೆ ತಿಂಗಳಿಗೆ ಸಾವಿರ ಚಿಲ್ಲರೆ ಹೋಗುತ್ತಿತ್ತು. ಅದು ಉಳಿಯಬೇಕಿತ್ತಲ್ವಾ? ಎಲ್ಲಿ ಹೋಯಿತು ಅಂತಲೇ ಗೊತ್ತಿಲ್ಲ.

ಹೊಲಿಗೆಮನೆ, ತುಮಕೂರು

ತಮ್ಮಾ, ನಿನ್ನ ಬಸ್ ಪಾಸಿನ ಮಾತೇ ನಾನು ಹೇಳಬೇಕಾದ ಮಾತು. ಉಳಿದ ದುಡ್ಡಿಗೆ ಹೆಸರಿಡದಿದ್ದರೆ ಅದು ಉಳಿಯುವುದಿಲ್ಲ. ಪರ್ಸಿನಲ್ಲೇ ಇರುತ್ತದೆ, ಟೀ-ಬಿಸ್ಕತ್ತಿಗೆ, ಆಟೋಗೆ ಕರಗುತ್ತದೆ. ಪಾಸ್ ಮಾಡಿಸುತ್ತಿದ್ದ ದಿನವೇ ಆ ಸಾವಿರವನ್ನು 'ಮಗಳ ಫೀಸು' ಅಂತ ಬೇರೆ ಕಡೆ ಹಾಕಿದ್ದರೆ ವರ್ಷಕ್ಕೆ 12,000 ಆಗುತ್ತಿತ್ತು. ಈಗಲೂ ಅಲ್ಲಿಂದಲೇ ಶುರು ಮಾಡು. ಏಳು ಕಾಲಂ ಬೇಡ, ಒಂದೇ ಕಾಲಂ ಸಾಕು, ಫೀಸು. ಕಾರ್ಡಿನ ವಿಷಯ ತಿಳಿದವರು ಹೇಳಲಿ.

ನಿವೃತ್ತ ಗುಮಾಸ್ತ, ಉಡುಪಿ

ಬ್ಯಾಂಕಿನಲ್ಲಿ ಜೀವಮಾನ ಕಳೆದವನು, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪೀಣ್ಯದ ತಮ್ಮನ ಕಾರ್ಡಿನ ಲೆಕ್ಕ ಮೊದಲು. ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ ಅಂತ ಇಟ್ಟುಕೊಳ್ಳಿ, ಹೆಚ್ಚಿನ ಕಾರ್ಡುಗಳಲ್ಲಿ ಅದರ ಆಸುಪಾಸಿನಲ್ಲೇ ಇರುತ್ತದೆ. 40,000ಕ್ಕೆ ಒಂದು ತಿಂಗಳ ಬಡ್ಡಿ 1,400. ಬಡ್ಡಿಯ ಮೇಲೆ ನೂರಕ್ಕೆ 18 ಜಿಎಸ್‌ಟಿ, ಅದು 252. ನೀವು 2,000 ಕಟ್ಟಿದರೆ ಅಸಲಿಗೆ ಹೋಗುವುದು 348 ರೂಪಾಯಿ. ಆ ನಡುವೆ 500 ರೂಪಾಯಿಯ ಪೆಟ್ರೋಲ್ ಅದೇ ಕಾರ್ಡಿನಲ್ಲಿ ಹಾಕಿಸಿದರೆ ಬಾಕಿ ಏರುತ್ತದೆ ಹೊರತು ಇಳಿಯುವುದಿಲ್ಲ. ಊರಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ಜನ ಹೆದರುತ್ತಾರೆ. ಇದು ಅದಕ್ಕಿಂತ ಜಾಸ್ತಿ. ಪ್ಲಾಸ್ಟಿಕ್ ಕಾರ್ಡು, ಇಂಗ್ಲಿಷ್ ಸ್ಟೇಟ್‌ಮೆಂಟು ಅಂತ ಅದು ಗೌರವಸ್ಥ ಸಾಲದ ಥರ ಕಾಣುತ್ತದೆ, ಅಷ್ಟೇ.

ಮನೆಯಲ್ಲಿ ಒಂದಿಷ್ಟು ಬಂಗಾರ ಇದ್ದರೆ ಬ್ಯಾಂಕಿನಲ್ಲಿ ಅಡವಿಟ್ಟು ಕಾರ್ಡಿನ ಬಾಕಿ ಪೂರ್ತಿ ತೀರಿಸಿ. ಅನೇಕ ಬ್ಯಾಂಕುಗಳಲ್ಲಿ ಚಿನ್ನದ ಸಾಲದ ಬಡ್ಡಿ ವರ್ಷಕ್ಕೆ ನೂರಕ್ಕೆ 12ರ ಒಳಗೇ ಇರುತ್ತದೆ, ಅಂದರೆ ತಿಂಗಳಿಗೆ ಒಂದು ರೂಪಾಯಿಯ ಒಳಗೆ. ಈಗ ಕಾರ್ಡಿಗೆ ಕಟ್ಟುವ ಅದೇ 2,000 ಅಲ್ಲಿ ಕಟ್ಟಿದರೆ ಎರಡು ವರ್ಷದೊಳಗೆ ಒಡವೆ ಬಿಡಿಸಿಕೊಳ್ಳಬಹುದು. ಒಂದೇ ಷರತ್ತು, ಕಾರ್ಡು ಮನೆಯಲ್ಲಿ ಇರಬಾರದು.

ನಿಮ್ಮಿಬ್ಬರ ಸಂಬಳವೂ 21,000ದ ಒಳಗಿದೆ. ಹಾಗಿದ್ದರೆ ಇಎಸ್‌ಐ, ಅಂದರೆ ನೌಕರರ ಆರೋಗ್ಯ ವಿಮೆ, ಇರಬೇಕು. ಕಾರ್ಡು ಮಾಡಿಸಿಕೊಂಡಿದ್ದೀರಾ, ಅದರಲ್ಲಿ ಅಪ್ಪ-ಅಮ್ಮ, ಮಗಳ ಹೆಸರು ಸೇರಿದೆಯಾ ನೋಡಿ. ಸಂಬಳದಿಂದ ದುಡ್ಡು ಕಡಿತ ಆಗುತ್ತಲೇ ಇರುತ್ತದೆ, ಎಷ್ಟೋ ಜನ ಜ್ವರ ಬಂದರೂ ಪ್ರೈವೇಟ್ ಕ್ಲಿನಿಕ್ಕಿಗೇ ಹೋಗುತ್ತಾರೆ.

ಈಗ ತುಮಕೂರಿನ ತಂಗಿಯ ಪ್ರಶ್ನೆ. ವರ್ಷದೊಳಗೆ ಬೇಕಾಗುವ ದುಡ್ಡಿಗೆ ಬ್ಯಾಂಕಿನ 12 ತಿಂಗಳ ಆರ್‌ಡಿ ಸಾಕು. ಜೂನ್ ಮೊದಲ ವಾರದಲ್ಲಿ ಶುರು ಮಾಡಿದರೆ ಮುಂದಿನ ಜೂನ್ ಫೀಸಿನ ಹೊತ್ತಿಗೆ ಕೈಗೆ ಬರುತ್ತದೆ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು. 2023ರ ಅಕ್ಟೋಬರ್‌ನಿಂದ ಅದಕ್ಕೆ 6.7 ಬಡ್ಡಿ ಇಟ್ಟರು. ಒಳ್ಳೆಯದೇ, ಆದರೆ ಸ್ಕೂಲ್ ಫೀಸಿಗೆ ಅಲ್ಲ, ಐದು ವರ್ಷ ಆಚೆಗಿನ ಕೆಲಸಕ್ಕೆ. ಹಬ್ಬ, ಆಸ್ಪತ್ರೆ, ಮುಯ್ಯಿ ದುಡ್ಡು ಮಾಮೂಲಿ ಉಳಿತಾಯ ಖಾತೆಯಲ್ಲೇ ಇರಲಿ. ಬಡ್ಡಿ ಕಡಿಮೆ ಅಂತ ಕೊರಗಬೇಡಿ. ಬೇಕೆಂದ ದಿನ ಸಿಗುವುದೇ ಅದರ ಲಾಭ.

ಚೀಟಿ ವಿಷಯ. ತಿಂಗಳಿಗೆ 5,000ದಂತೆ 20 ಜನ, ಒಂದು ಲಕ್ಷದ ಚೀಟಿ ಅಂತಿಟ್ಟುಕೊಳ್ಳಿ. ಅವಸರ ಇದ್ದವರು 80,000ಕ್ಕೆ ಕೂಗಿ ಎತ್ತುತ್ತಾರೆ. ಬಿಟ್ಟುಕೊಟ್ಟ 20,000ದಲ್ಲಿ ಚೀಟಿ ನಡೆಸುವವರು ಐದು ಸಾವಿರ ತೆಗೆದುಕೊಂಡರೆ ಉಳಿದ 15,000 ಇಪ್ಪತ್ತು ಜನಕ್ಕೆ ಹಂಚಿ, ತಲೆಗೆ 750. ಆ ತಿಂಗಳು ಎಲ್ಲರೂ 4,250 ಕಟ್ಟಿದರೆ ಸಾಕು. ಕೊನೆವರೆಗೆ ಕಾದವರಿಗೆ ಲಾಭ, ಮೊದಲು ಎತ್ತಿದವರು ಬಡ್ಡಿ ಕೊಟ್ಟ ಹಾಗೆ. ಚೀಟಿ ಕೆಟ್ಟದ್ದಲ್ಲ. ಆದರೆ ಎತ್ತಿದವರು ಕಟ್ಟುವುದು ನಿಲ್ಲಿಸಿದರೆ, ನಡೆಸುವವರು ಊರು ಬಿಟ್ಟರೆ ಯಾರನ್ನು ಕೇಳುತ್ತೀರಿ? 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ಚೀಟಿ ನೋಂದಣಿ ಆಗಿರಬೇಕು. ಚೀಟಿಯೇ ಬೇಕೆಂದರೆ ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ನಡೆಸುತ್ತದೆ, ಅಲ್ಲಿ ವಿಚಾರಿಸಿ. ಪಕ್ಕದ ಬೀದಿಯವರು ಎಷ್ಟೇ ಒಳ್ಳೆಯವರಾಗಿರಲಿ, ಮಕ್ಕಳ ಫೀಸಿನ ದುಡ್ಡು ಅಲ್ಲಿ ಬೇಡ.

ಇನ್ನೊಂದು. ಜಾಸ್ತಿ ಬಡ್ಡಿ ಅಂತ ಪತ್ತಿನ ಸಹಕಾರ ಸಂಘಗಳಲ್ಲಿ, ಸೌಹಾರ್ದ ಸಹಕಾರಿಗಳಲ್ಲಿ ಠೇವಣಿ ಇಡುವವರು ತಿಳಿದಿರಲಿ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲೂ, ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಸಂಘಗಳಿಗೆ ಅದು ಇಲ್ಲ.

ಕಬ್ಬಿನಗದ್ದೆ, ಮಂಡ್ಯ ಜಿಲ್ಲೆ

ನಮ್ಮ ಕಡೆ ಇದು ಉಲ್ಟಾ ಕಣಕ್ಕ. ತಿಂಗಳ ಸಂಬಳ ಅನ್ನುವುದೇ ಇಲ್ಲ. ಕಬ್ಬು ಕಡಿದು ಕಾರ್ಖಾನೆಗೆ ಕಳಿಸಿದ ಮೇಲೆ ದುಡ್ಡು ಬರುವುದು ಒಂದೇ ಸಲ, ಅದೂ ಅವರು ಕೊಟ್ಟಾಗ. ಅಷ್ಟೊಂದು ದುಡ್ಡು ಒಟ್ಟಿಗೆ ಕಂಡಾಗ ಮನೆಯವರಿಗೆಲ್ಲ ಆಸೆ ಹುಟ್ಟುತ್ತದೆ. ಒಬ್ಬರಿಗೆ ಬೈಕು, ಒಬ್ಬರಿಗೆ ಮನೆ ಮುಂದೆ ಕಾಂಪೌಂಡು. ಮೂರು ತಿಂಗಳಾದರೆ ಗೊಬ್ಬರಕ್ಕೆ ಸಾಲ.

ನಮ್ಮಪ್ಪ ಒಂದು ಪದ್ಧತಿ ಇಟ್ಟಿದ್ದರು. ನಾನು ಅದನ್ನೇ ನಡೆಸುತ್ತಿದ್ದೇನೆ. ಕಬ್ಬಿನ ದುಡ್ಡು ಬಂದ ಕೂಡಲೇ ಮೊದಲು ಮುಂದಿನ ಬೆಳೆಯ ಖರ್ಚು ಎತ್ತಿಡುವುದು. ಗೊಬ್ಬರ, ಕೂಲಿ, ಬಿತ್ತನೆ ಕಬ್ಬು. ಆಮೇಲೆ ಸೊಸೈಟಿ ಸಾಲ. ಉಳಿದದ್ದು ಮಾತ್ರ ಮನೆಗೆ. ಸಹಕಾರ ಸಂಘದ ಬೆಳೆ ಸಾಲ ಹೇಳಿದ ದಿನಕ್ಕೆ ಕಟ್ಟಿದರೆ ಬಡ್ಡಿ ಇಲ್ಲ, ತಪ್ಪಿದರೆ ಬಡ್ಡಿ ಬೀಳುತ್ತದೆ. ಅದಕ್ಕೆ ಆ ತಾರೀಖು ಗೋಡೆ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿರುತ್ತದೆ.

ಸಂಸಾರ ನಡೆಯುವುದು ಹಾಲಿನಿಂದ. ಎರಡು ಸೀಮೆಹಸು ಇವೆ. ಡೈರಿ ಬಟವಾಡೆ ಬಂದರೆ ಅದು ಅಮ್ಮ ಮತ್ತು ನನ್ನ ಹೆಂಡತಿಯ ಕೈಗೆ. ದಿನಸಿ, ಸೋಪು, ಮಕ್ಕಳ ಪೆನ್ನು-ಪುಸ್ತಕ ಎಲ್ಲ ಅದರಲ್ಲೇ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಬೇರೆಯಾಗಿ ಖಾತೆಗೆ ಬರುತ್ತದೆ, ಅದನ್ನು ಬಟವಾಡೆ ಜೊತೆ ಸೇರಿಸುವುದಿಲ್ಲ, ಹಸು ಹುಷಾರು ತಪ್ಪಿದಾಗ ಡಾಕ್ಟರಿಗೆ, ಇನ್ಶೂರೆನ್ಸಿಗೆ. ಹಸುವಿನ ದುಡ್ಡು ಹಸುವಿಗೆ ಅಂತ ಅಮ್ಮನ ಕಟ್ಟುನಿಟ್ಟು. ನೀವು ಹೇಳುವ ಹೆಸರಿಡುವುದು ಇದೇ ಅಲ್ವಾ?

ಜೋಳದ ರೊಟ್ಟಿ, ಧಾರವಾಡ

ನಾನು ಶಾಲಾ ಶಿಕ್ಷಕಿ. ವರ್ಷದ ಖರ್ಚು ಅಂದರೆ ನಮ್ಮ ಕಡೆ ಅಡುಗೆಮನೆಯಲ್ಲೇ ಒಂದು ದೊಡ್ಡ ಪಾಲು ಇದೆ, ಅದನ್ನು ಯಾರೂ ಹೇಳಲಿಲ್ಲ. ಸುಗ್ಗಿಯಲ್ಲಿ ವರ್ಷದ ಸಾಮಾನು ತುಂಬುವುದು. ಹೊಸ ತೊಗರಿ ಸಂಕ್ರಾಂತಿ ಆಸುಪಾಸಿನಲ್ಲಿ ಬರುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಜನವರಿಯಿಂದ ಮಾರ್ಚ್‌ವರೆಗೆ ಜೋರಾಗಿ ಬರುತ್ತದೆ. ಬಿಳಿಜೋಳವೂ ಆಗಲೇ. ಹುಣಸೆಹಣ್ಣು ಕೂಡ. ಈ ಎರಡು ಮೂರು ತಿಂಗಳಲ್ಲಿ ಮಾಲು ಹೊಸದು, ದರವೂ ಸಾಮಾನ್ಯವಾಗಿ ಇಳಿದಿರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ 'ಸುಗ್ಗಿ' ಅಂತಲೇ ಒಂದು ಕಾಲಂ ಇದೆ. ದಸರೆಯಿಂದಲೇ ಅದಕ್ಕೆ ದುಡ್ಡು ಹಾಕುತ್ತೇವೆ.

ಮಸಾಲೆ ಖಾರದ ದಿನ ಇಡೀ ಮನೆ ಕೆಲಸಕ್ಕೆ ನಿಲ್ಲುತ್ತದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ತೊಟ್ಟು ಬಿಡಿಸಿ, ಟೆರೇಸಿನ ಮೇಲೆ ಹಳೆ ಸೀರೆ ಹಾಸಿ, ಮುರಿದರೆ ಟಕ್ಕೆಂದು ಸದ್ದು ಬರುವ ತನಕ ಒಣಗಿಸಬೇಕು. ಕೊತ್ತಂಬರಿ, ಜೀರಿಗೆ, ಒಣ ಕೊಬ್ಬರಿ ಒಂದೊಂದನ್ನೇ ಬೇರೆ ಬೇರೆ ಹುರಿಯಬೇಕು, ಒಟ್ಟಿಗೆ ಹಾಕಿದರೆ ಜೀರಿಗೆ ಕರಕಲಾಗಿ ಕೊತ್ತಂಬರಿ ಹಸಿಯಾಗಿಯೇ ಉಳಿಯುತ್ತದೆ. ಗಿರಣಿಯಿಂದ ತಂದ ಮೇಲೆ ಬಿಸಿ ಪೂರ್ತಿ ಆರುವ ತನಕ ಡಬ್ಬಿ ಮುಚ್ಚುವಂತಿಲ್ಲ. ಬೆಳ್ಳುಳ್ಳಿ ಕೊನೆಗೆ. ಇಷ್ಟು ಮಾಡಿದರೆ ವರ್ಷವಿಡೀ ಪ್ಯಾಕೆಟ್ ಮಸಾಲೆಯ ಮುಖ ನೋಡಬೇಕಾಗಿಲ್ಲ.

ಆದರೆ ಸಗಟಾಗಿ ತಂದರೆ ಉಳಿತಾಯ ಅಂತ ಕುರುಡಾಗಿ ನಂಬಬೇಡಿ. ಬೇಳೆಗೆ ಸ್ವಲ್ಪ ಹರಳೆಣ್ಣೆ ಸವರಿ ಬಿಸಿಲಿಗೆ ಹಾಕಿ ಡಬ್ಬಿಗೆ ತುಂಬಬೇಕು. ಜೋಳದ ಜೊತೆ ಒಣಗಿದ ಬೇವಿನ ಎಲೆ ಹಾಕಬೇಕು. ಬಿಸಿಲಿಗೆ ಹಾಕಲು ಜಾಗ, ಅದನ್ನು ನೋಡಿಕೊಳ್ಳುವ ಜನ ಇಲ್ಲದ ಬಾಡಿಗೆ ಮನೆಯವರು ಎರಡು ತಿಂಗಳಿಗಿಂತ ಜಾಸ್ತಿ ತರಬಾರದು. ಹುಳ ಹಿಡಿದ ಬೇಳೆಗಿಂತ ಕಿರಾಣಿ ಅಂಗಡಿಯ ತಿಂಗಳ ಬೇಳೆಯೇ ಅಗ್ಗ.

ಜಯನಗರ ಜೋಡಿ

ನಾವಿಬ್ಬರೂ ಸಾಫ್ಟ್‌ವೇರ್. ಇಲ್ಲಿ ಬರೆದಿರುವವರಿಗಿಂತ ನಮ್ಮ ಆದಾಯ ತುಂಬಾ ಜಾಸ್ತಿ, ಆದರೂ ಇದೇ ಸಮಸ್ಯೆ ನಮಗೂ ಇದೆ. ನಮ್ಮ ಮನೆಯಲ್ಲಿ ಸಂಬಳ ಬಂದ ಐದನೇ ತಾರೀಖಿಗೆ ಮನೆ ಸಾಲದ ಕಂತು, ಕಾರಿನ ಕಂತು, ಮ್ಯೂಚುವಲ್ ಫಂಡಿನ ಎಸ್‌ಐಪಿ ಎಲ್ಲ ತಾನಾಗಿಯೇ ಕಡಿತ ಆಗುತ್ತವೆ. ಅದರಿಂದ ಎಲ್ಲವೂ ಸರಿಯಾಗಿ ನಡೆಯುತ್ತಿದೆ ಅನ್ನಿಸುತ್ತದೆ. ಇಬ್ಬರಲ್ಲಿ ಒಬ್ಬರಿಗೂ ಒಟ್ಟು ಲೆಕ್ಕ ಗೊತ್ತಿರುವುದಿಲ್ಲ. ಅವರ ಖಾತೆ ಅವರಿಗೆ, ನನ್ನ ಖಾತೆ ನನಗೆ. ನಮಗೆ ಬೇಕಿರುವುದು ಜಾಸ್ತಿ ಆ್ಯಪ್ ಅಲ್ಲ, ನಿಮ್ಮ ಆ ಭಾನುವಾರದ ಕೂಟ.

ಒಂದು ಸಣ್ಣ ವಿಷಯ ಸೇರಿಸುತ್ತೇನೆ. ಗೀಸರ್ 2,000 ವ್ಯಾಟಿನದಾದರೆ ಅರ್ಧ ಗಂಟೆಗೆ ಒಂದು ಯೂನಿಟ್. ದಿನಾ ಒಂದು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್. ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 190ರ ಆಸುಪಾಸಿನಲ್ಲಿರುವ ಮನೆಗಳು ನೋಡಬೇಕಾದದ್ದು ಬಲ್ಬನ್ನಲ್ಲ, ಗೀಸರನ್ನು.

ಆಶಾ ಕಾರ್ಯಕರ್ತೆ, ರಾಯಚೂರು ಜಿಲ್ಲೆ

ಎಲ್ಲರ ಮಾತೂ ಓದಿದೆ. ನನಗೆ ಒಂದು ಸಂಕಟ ಇದೆ, ಅದನ್ನು ಹೇಳಲೇಬೇಕು. ಮನೆಯಲ್ಲಿ ಮಿತವಾಗಿ ಖರ್ಚು ಮಾಡಬೇಕು ಅಂದಾಗ ಮೊದಲು ಕಡಿಮೆ ಆಗುವುದು ಯಾರ ತಟ್ಟೆಯಲ್ಲಿ? ನಾನು ಮನೆ ಮನೆಗೆ ಹೋಗುವವಳು. ಗಂಡ, ಮಕ್ಕಳು, ಅತ್ತೆ-ಮಾವ ಎಲ್ಲರೂ ಉಂಡ ಮೇಲೆ ಉಳಿದದ್ದು ಅಡುಗೆ ಮಾಡಿದ ಹೆಂಗಸಿಗೆ. ಮೊಟ್ಟೆ ಮೂರೇ ಇದ್ದರೆ ಅವಳಿಗೆ ಇಲ್ಲ. ಹಾಲು ಕಡಿಮೆ ಮಾಡಿದರೆ ಅವಳ ಲೋಟದ್ದೇ ಹೋಗುತ್ತದೆ. ನಮ್ಮ ರಾಜ್ಯದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತದೆ. ಅದಕ್ಕೆ ದುಡಿದು ಸುಸ್ತು ಅಂತ ಹೆಸರಿಟ್ಟು ಸುಮ್ಮನಾಗುತ್ತಾರೆ.

ತುಮಕೂರಿನ ಅಕ್ಕ, ನಿಮ್ಮ ಲೆಕ್ಕದಲ್ಲಿ ಅತ್ತೆಯ ಮಾತ್ರೆಗೆ 1,200 ಇದೆ. ಒಳ್ಳೆಯದು. ನಿಮ್ಮ ಹೆಸರಿನಲ್ಲಿ ಏನಿದೆ? ಹೊಲಿಗೆ ಮಾಡುವವರಿಗೆ ಕಣ್ಣು, ಬೆನ್ನು ಎರಡೂ ಹೋಗುತ್ತವೆ. ಹಿಮೋಗ್ಲೋಬಿನ್ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾಡುತ್ತಾರೆ, ಕಬ್ಬಿಣಾಂಶದ ಮಾತ್ರೆಯೂ ಅಲ್ಲೇ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ.

ಅತ್ತೆಯವರ ಬಿಪಿ, ಶುಗರ್ ಮಾತ್ರೆಯ ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ, ಜನೌಷಧಿ ಕೇಂದ್ರದಲ್ಲಿ ತೆಗೆದುಕೊಳ್ಳಿ. ಅರ್ಧಕ್ಕಿಂತ ಕಡಿಮೆಗೆ ಸಿಗುವುದು ಮಾಮೂಲು. ಮಾತ್ರೆ ನುಂಗುವುದನ್ನು ಮಾತ್ರ ದುಡ್ಡು ಉಳಿಸಲಿಕ್ಕೆ ಅಂತ ಬಿಡಬೇಡಿ. ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಚಿಕಿತ್ಸೆಯ ಪ್ಯಾಕೇಜ್ ವೆಚ್ಚದ ನೂರಕ್ಕೆ 30ರಷ್ಟು, ಒಟ್ಟು ಒಂದೂವರೆ ಲಕ್ಷದವರೆಗೆ. ಕಾಯಿಲೆ ಬಂದ ಮೇಲೆ ಕಾಗದಕ್ಕೆ ಓಡಾಡುವ ಬದಲು ಈಗಲೇ ಕಾರ್ಡು ಮಾಡಿಸಿಟ್ಟುಕೊಳ್ಳಿ.

ಇನ್ನೊಂದು, ಫೀಸಿನ ಬಗ್ಗೆ ಇಷ್ಟೊಂದು ಮಾತಾಯಿತು. ಸರ್ಕಾರಿ ಶಾಲೆಯ ಹೆಸರನ್ನು ಯಾರೂ ಎತ್ತಲಿಲ್ಲ. ಪುಸ್ತಕ, ಯೂನಿಫಾರ್ಮು, ಬಿಸಿಯೂಟ, ಹಾಲು ಅಲ್ಲಿ ಇವೆ. 2024ರಿಂದ ವಾರದ ಆರೂ ದಿನ ಮೊಟ್ಟೆ ಅಥವಾ ಬಾಳೆಹಣ್ಣು ಕೊಡುತ್ತಿದ್ದಾರೆ. ಎಲ್ಲ ಶಾಲೆಗಳೂ ಚೆನ್ನಾಗಿವೆ ಅಂತ ನಾನು ಹೇಳುವುದಿಲ್ಲ. ಹತ್ತಿರದ ಶಾಲೆಗೆ ಒಮ್ಮೆ ಹೋಗಿ ಟೀಚರುಗಳನ್ನು ಕಂಡು ಬಂದು ತೀರ್ಮಾನ ಮಾಡಿ ಅನ್ನುತ್ತೇನೆ.

ಸಂಘದ ಪುಸ್ತಕ, ಶಿವಮೊಗ್ಗ

ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಲೆಕ್ಕ ಬರೆಯುವುದು ನಾನೇ. ಸಾಲದ ಬಗ್ಗೆ ಒಂದು ಮಾತು. ಸದಸ್ಯರಿಗೆ ಸಂಘವೇ ಕೊಡುವ ಒಳಸಾಲ ಬೇರೆ, ಬಾಗಿಲಿಗೆ ಬಂದು ಕೊಡುವ ಫೈನಾನ್ಸ್ ಸಾಲ ಬೇರೆ. ಒಬ್ಬರೇ ಮೂರು ನಾಲ್ಕು ಕಡೆ ತೆಗೆದು, ಒಂದರ ಕಂತು ಕಟ್ಟಲು ಇನ್ನೊಂದು ತೆಗೆಯುವುದನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ವಸೂಲಿಗೆ ಬಂದವರು ಮನೆ ಮುಂದೆ ಕೂತರೆ ಆ ಹೆಂಗಸು ಊಟ ಬಿಟ್ಟು ಒಳಗೇ ಇರುತ್ತಾಳೆ. ಇಂಥ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಹೆದರಿ ಕೂರುವ ಬದಲು ಪೊಲೀಸ್ ಠಾಣೆಗೆ ಹೋಗಬಹುದು, ಇದು ಎಲ್ಲ ಅಕ್ಕ-ತಂಗಿಯರಿಗೂ ಗೊತ್ತಿರಬೇಕು.

ರಿಸರ್ವ್ ಬ್ಯಾಂಕಿನ ನಿಯಮದಲ್ಲೂ ಒಂದು ಮಿತಿ ಇದೆ. ಕಿರುಸಾಲ ಕೊಡುವಾಗ ಆ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ನಮ್ಮ ಸಂಘದಲ್ಲಿ ನಾವು ಅದನ್ನೂ ಜಾಸ್ತಿ ಅಂತಲೇ ನೋಡುತ್ತೇವೆ. ಆದಾಯದ ಕಾಲು ಭಾಗಕ್ಕಿಂತ ಜಾಸ್ತಿ ಕಂತು ಇರುವ ಸದಸ್ಯರಿಗೆ ಹೊಸ ಒಳಸಾಲ ಕೊಡುವುದಿಲ್ಲ. ಮೊದಮೊದಲು ಜಗಳ ಆಗುತ್ತಿತ್ತು. ಈಗ ಆ ಹೆಂಗಸರೇ ಬಂದು, ಗಂಡ ಸಾಲ ತೆಗಿ ಅಂತ ಒತ್ತಾಯ ಮಾಡಿದಾಗ ಸಂಘದವರು ಕೊಡಲ್ಲ ಅಂತ ಹೇಳಲು ದಾರಿ ಆಯ್ತು ಅನ್ನುತ್ತಾರೆ.

ಪುಣೆ ಕನ್ನಡತಿ

ನಾವು ವಿಜಯಪುರದವರು, ಪುಣೆಯಲ್ಲಿದ್ದೇವೆ. ನಮಗೆ ಇಲ್ಲಿ ಶಕ್ತಿ, ಗೃಹಜ್ಯೋತಿ ಯಾವುದೂ ಇಲ್ಲ, ಎಲ್ಲವನ್ನೂ ನಮ್ಮ ದುಡಿಮೆಯಲ್ಲೇ ನೋಡಬೇಕು. ಮಗಳಿಗೆ ಎಂಟು ವರ್ಷ. ಸುಕನ್ಯಾ ಖಾತೆ ಈಗ ತೆರೆಯಬಹುದಾ? ತಡ ಆಯ್ತಾ?

ನಿವೃತ್ತ ಗುಮಾಸ್ತ, ಉಡುಪಿ

ತಡ ಆಗಿಲ್ಲಮ್ಮ. ಹತ್ತು ವರ್ಷ ತುಂಬುವುದರೊಳಗೆ ತೆರೆಯಬೇಕು. ವರ್ಷಕ್ಕೆ ಕನಿಷ್ಠ 250, ಗರಿಷ್ಠ ಒಂದೂವರೆ ಲಕ್ಷ. 15 ವರ್ಷ ಕಟ್ಟುವುದು, ತೆರೆದ ದಿನದಿಂದ 21 ವರ್ಷಕ್ಕೆ ಪೂರ್ತಿ ಬರುತ್ತದೆ. 18 ತುಂಬಿದ ಮೇಲೆ ಓದಿಗೆ ಅಂತ ಅರ್ಧದವರೆಗೆ ತೆಗೆಯಬಹುದು. 2024ರ ಜನವರಿಯಲ್ಲಿ ಬಡ್ಡಿ 8.2 ಮಾಡಿದರು. ಸರ್ಕಾರ ಮೂರು ತಿಂಗಳಿಗೊಮ್ಮೆ ಇದನ್ನು ನೋಡುತ್ತದೆ, ತೆರೆಯುವ ದಿನ ಅಂಚೆ ಕಚೇರಿಯಲ್ಲಿ ಕೇಳಿಕೊಳ್ಳಿ. ಪುಣೆಯಿಂದ ಊರಿಗೆ ಬಂದರೂ ಖಾತೆ ವರ್ಗ ಮಾಡಿಸಿಕೊಳ್ಳಬಹುದು.

ಮನೆಗೆ ದುಡಿಯುವವರಿಗೆ ಪ್ರಧಾನ ಮಂತ್ರಿ ಹೆಸರಿನ ಇನ್ನೆರಡು ವಿಮೆ ಇವೆ, ಮರೆಯಬೇಡಿ. ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ, ಅಪಘಾತಕ್ಕೆ ಎರಡು ಲಕ್ಷ. 436 ರೂಪಾಯಿಯ ಜೀವನ ಜ್ಯೋತಿ, ಯಾವುದೇ ಕಾರಣದ ಸಾವಿಗೆ ಎರಡು ಲಕ್ಷ, ಅದಕ್ಕೆ 50 ವರ್ಷದೊಳಗೆ ಸೇರಬೇಕು. ಮೇ ಕೊನೆಯಲ್ಲಿ ಖಾತೆಯಿಂದ ತಾನಾಗಿಯೇ ಕಡಿತ ಆಗುತ್ತದೆ. ಆ ಹೊತ್ತಿಗೆ ಖಾತೆಯಲ್ಲಿ ದುಡ್ಡಿಲ್ಲದೆ ವಿಮೆ ನಿಂತು ಹೋದ ಮನೆಗಳು ಎಷ್ಟೋ. ದಯವಿಟ್ಟು ಮೇ ತಿಂಗಳಲ್ಲಿ ಖಾತೆಯಲ್ಲಿ 500 ರೂಪಾಯಿ ಬಿಟ್ಟಿರಿ. ನಾಮಿನಿ ಹೆಸರು ಸರಿಯಿದೆಯಾ ಅಂತಲೂ ನೋಡಿ.

ಹೊಲಿಗೆಮನೆ, ತುಮಕೂರು

ಎಲ್ಲರಿಗೂ ಕೈ ಮುಗಿಯುತ್ತೇನೆ. ಚೀಟಿಗೆ ಸೇರುವುದಿಲ್ಲ ಅಂತ ಪಕ್ಕದ ಬೀದಿಯವರಿಗೆ ನಯವಾಗಿ ಹೇಳಿಯಾಯಿತು. ಫೀಸಿನ 4,000ವನ್ನು ಜೂನ್‌ನಿಂದ 12 ತಿಂಗಳ ಆರ್‌ಡಿಗೆ ಹಾಕುತ್ತೇವೆ. ಉಳಿದ 5,000 ಆ ಖಾತೆಯಲ್ಲೇ.

ರಾಯಚೂರಿನ ತಂಗಿ, ನಿಮ್ಮ ಪ್ರಶ್ನೆಯನ್ನು ರಾತ್ರಿ ಊಟಕ್ಕೆ ಕೂತಾಗ ಎಲ್ಲರ ಮುಂದೆ ಓದಿದೆ. ಅತ್ತೆಯೇ ಮೊದಲು ಮಾತಾಡಿದ್ದು, ಜನೌಷಧಿಯಲ್ಲಿ ತನ್ನ ಮಾತ್ರೆಯಲ್ಲಿ ಉಳಿಯುವುದು ನಿನ್ನ ಕನ್ನಡಕಕ್ಕೆ ಅಂದರು. ನೋಟ್‌ಬುಕ್ಕಿನಲ್ಲಿ ಎಂಟನೇ ಕಾಲಂ ಬಂತು, ಅದಕ್ಕೆ ನನ್ನ ಹೆಸರೇ ಇಟ್ಟಿದ್ದಾರೆ. ಊಟವೂ ಈಗ ಎಲ್ಲರೂ ಒಟ್ಟಿಗೆ ಕೂತೇ ಮಾಡುತ್ತೇವೆ. ಮೊಟ್ಟೆ ಐದಿದ್ದರೆ ಐದೂ ತಟ್ಟೆಗೆ ಹೋಗುತ್ತವೆ, ಇಲ್ಲದ ದಿನ ಯಾರಿಗೂ ಇಲ್ಲ.

ಸರ್ಕಾರಿ ಶಾಲೆಯ ಮಾತು ಇನ್ನೂ ನಡೆಯುತ್ತಿದೆ. ಯಜಮಾನರಿಗೆ ಮಗನನ್ನು ಕಳಿಸಬಹುದು ಅನ್ನಿಸಿದೆ. ನನಗೆ ಮೊದಲು ಶಾಲೆ ನೋಡಬೇಕು.

ಪೀಣ್ಯ ಎರಡನೇ ಹಂತ

ಗುಮಾಸ್ತರೇ, ಸರ್, ನಿಮ್ಮ 348 ರೂಪಾಯಿಯ ಲೆಕ್ಕ ಹೆಂಡತಿಗೆ ತೋರಿಸಿದೆ. ಅವಳ ಒಂದು ಜೊತೆ ಬಳೆ ಇದೆ, ಇಡೋಣ ಅಂತ ಅವಳೇ ಅಂದಳು. ಬ್ಯಾಂಕಿಗೆ ಹೋಗುವಾಗ ಏನೇನು ಕೇಳಬೇಕು ಹೇಳಿ. ಇಎಸ್‌ಐ ಕಾರ್ಡಿನಲ್ಲಿ ಅಪ್ಪ-ಅಮ್ಮನ ಹೆಸರು ಇರಲಿಲ್ಲ, ಎಚ್‌ಆರ್ ಹತ್ತಿರ ಅರ್ಜಿ ಕೊಟ್ಟಿದ್ದೇನೆ. ಬಸ್ ಪಾಸಿನ ಸಾವಿರಕ್ಕೆ 'ಫೀಸು' ಅಂತ ಹೆಸರಿಟ್ಟಾಯಿತು ಅಕ್ಕ.

ನಿವೃತ್ತ ಗುಮಾಸ್ತ, ಉಡುಪಿ

ಒಳ್ಳೆಯದಾಯಿತು. ಇಬ್ಬರೂ ಒಟ್ಟಿಗೆ ಹೋಗಿ. ತೂಕ ನಿಮ್ಮ ಕಣ್ಣೆದುರೇ ಆಗಬೇಕು, ರಸೀದಿಯಲ್ಲಿ ಒಟ್ಟು ತೂಕ, ನಿವ್ವಳ ತೂಕ ಎರಡೂ ಬರೆದಿರಬೇಕು. ಬೇಕಾದ 40,000ಕ್ಕಿಂತ ಜಾಸ್ತಿ ಕೊಡುತ್ತೇವೆ ಅಂದರೆ ಬೇಡ ಅನ್ನಿ. ತಿಂಗಳು ತಿಂಗಳು ಅಸಲು ಕಟ್ಟಬಹುದಾ ಕೇಳಿ, ಕೆಲವು ಸಾಲದಲ್ಲಿ ವರ್ಷದ ಕೊನೆಗೆ ಒಟ್ಟಿಗೆ ಕಟ್ಟುವ ಪದ್ಧತಿ ಇರುತ್ತದೆ, ಅದು ನಿಮಗೆ ಆಗುವುದಿಲ್ಲ. ದುಡ್ಡು ಕೈಗೆ ಬಂದ ದಿನವೇ ಕಾರ್ಡಿನ ಬಾಕಿ ಪೂರ್ತಿ ಕಟ್ಟಿ. ಮುಂದಿನ ಸ್ಟೇಟ್‌ಮೆಂಟಿನಲ್ಲಿ ಹಳೆ ದಿನಗಳ ಬಡ್ಡಿ ಅಂತ ಸ್ವಲ್ಪ ಬರುತ್ತದೆ, ಗಾಬರಿ ಬೇಡ, ಅದನ್ನೂ ಕಟ್ಟಿ ಕಾರ್ಡು ಮುಚ್ಚಲು ಬರೆದುಕೊಡಿ, ಮುಚ್ಚಿದ ಪತ್ರ ಕೇಳಿ ಪಡೆದು ಬಳೆಯ ರಸೀದಿಯ ಜೊತೆ ಇಟ್ಟುಕೊಳ್ಳಿ.